ಒಬ್ಬನೇ ಕೂಗಿದ ಸವಾಲು

ಪುಣೆಯಲ್ಲಿ ಮರಾಠಿ ದಿನಪತ್ರಿಕೆ ತರಿಸುವ ಕನ್ನಡಿಗರ ಮನೆಗಳಲ್ಲಿ ಯಾರೂ ಓದದೆ ಮಡಚಿಡುವ ಒಂದು ಪುಟವಿರುತ್ತದೆ. ಸಣ್ಣ ಅಕ್ಷರದ ಕೋಷ್ಟಕ, ಸಾಲಗಾರನ ಹೆಸರು, ಜಾಮೀನುದಾರನ ಹೆಸರು, ಬಾಕಿಯ ಮೊತ್ತ, ಫ್ಲ್ಯಾಟಿನ ಚದರಡಿ, ಮೂಲಬೆಲೆ, ಮುಂಗಡ ಠೇವಣಿ, ಹರಾಜಿನ ದಿನ ಮತ್ತು ಗಂಟೆ. ಕೆಳಗೆ 'ಜೇಥೇ ಆಹೇ, ಜಸೇ ಆಹೇ' ಎಂಬ ಷರತ್ತು. ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ ಕೊಳ್ಳತಕ್ಕದ್ದು, ಆಮೇಲೆ ಬ್ಯಾಂಕನ್ನು ಕೇಳತಕ್ಕದ್ದಲ್ಲ ಎಂದು ಅದರ ತಾತ್ಪರ್ಯ. ಕಳೆದ ವರ್ಷ ನಮ್ಮ ಬಳಗದ ಹಿರಿಯರೊಬ್ಬರು ಈ ಪುಟವನ್ನು ಕತ್ತರಿಸಿಕೊಂಡು ಶನಿವಾರದ ಓದಿಗೆ ತಂದರು. ಇಂಡಿ ತಾಲ್ಲೂಕಿನವರು, ಮೂವತ್ತು ವರ್ಷಗಳಿಂದ ಪುಣೆಯ ವಾಸಿಗಳು. ಮಗನಿಗೊಂದು ಮನೆ ನೋಡುತ್ತಿದ್ದರು. ಪೇಟೆಯ ದರಕ್ಕಿಂತ ಸಾಕಷ್ಟು ಕಡಿಮೆಗೆ ಸಿಗುವ ಮನೆ ಅದು. "ತೊಗೊಬೇಕೋ ಬ್ಯಾಡೋ, ನೀವು ಹೇಳ್ರಿ" ಎಂದರು. ಆ ದಿನ ಓದಬೇಕಿದ್ದ ಪುಸ್ತಕ ಮುಚ್ಚಿಯೇ ಉಳಿಯಿತು. ಈ ಬರಹ ಹುಟ್ಟಿದ್ದು ಆ ಚರ್ಚೆಯಿಂದ. ಸಲಹೆ ಕೇಳಿದವರಿಗೆ ನಾವು ಇತಿಹಾಸ ಹೇಳಿದೆವೆಂಬುದು ನಮ್ಮ ಬಳಗದ ಹಳೆಯ ದೋಷವೇ ಸರಿ.

ಮೊದಲು ಶಬ್ದಗಳನ್ನೇ ನೋಡಬಹುದು. ಮೈಸೂರು ಸೀಮೆಯವರು 'ಹರಾಜು' ಎನ್ನುತ್ತಾರೆ. ಅದು ಅರಬ್ಬಿಯಿಂದ ಬಂದದ್ದು. ಧಾರವಾಡ, ಬೆಳಗಾವಿ, ವಿಜಯಪುರಗಳ ಕಡೆ 'ಲಿಲಾವು' ಎಂಬುದೇ ಬಳಕೆ. ಮರಾಠಿಯ 'ಲಿಲಾವ' ಮತ್ತು ನಮ್ಮ 'ಲಿಲಾವು' ಎರಡೂ ಪೋರ್ಚುಗೀಸರ 'ಲೈಲಾಂವ್' ಎಂಬ ಮಾತಿನ ಮಕ್ಕಳು. ಬೆಲೆ ಕೂಗುವುದಕ್ಕೆ ನಾವು 'ಸವಾಲು ಕೂಗುವುದು' ಎನ್ನುತ್ತೇವೆ. ಅಚ್ಚ ನಮ್ಮದೆನ್ನಬಹುದಾದ ಒಂದು ಶಬ್ದವೂ ಈ ವ್ಯವಹಾರದಲ್ಲಿಲ್ಲ. ಜಪ್ತಿ, ತಾಬಾ, ಕಬ್ಜಾ, ದಸ್ತಾವೇಜು, ಎಲ್ಲವೂ ಆಳಿದವರ ಕಚೇರಿಗಳಿಂದ ಇಳಿದು ಬಂದವು. ಸಾಲಕ್ಕಾಗಿ ನೆಲವನ್ನು ಕೂಗಿ ಮಾರುವ ಪದ್ಧತಿಯೂ ಹಾಗೆಯೇ ಮೇಲಿನಿಂದ ಇಳಿದದ್ದು ಎಂಬ ನಮ್ಮ ಊಹೆಗೆ ಶಬ್ದಗಳು ಸಾಕ್ಷ್ಯವಾಗಲಾರವು. ಆದರೆ ಪುಣೆ ಜಿಲ್ಲೆಯ ಇತಿಹಾಸ ಸಾಕ್ಷ್ಯ ನುಡಿಯುತ್ತದೆ.

ಪೇಶ್ವೆಯರ ಕಾಲದಲ್ಲಿ ಸಾಲ ಇರಲಿಲ್ಲವೆಂದಲ್ಲ. ಪೇಶ್ವೆಯರೇ ಸಾಲದಲ್ಲಿ ಮುಳುಗಿದ್ದವರು. ಆದರೆ ವಸೂಲಿಯ ಬಗೆ ಬೇರೆಯಿತ್ತು. ಸಾಲ ಕೊಟ್ಟವನು ತಗಾದೆ ಮಾಡುತ್ತಿದ್ದ, ಆಳನ್ನು ಕಳಿಸಿ ಬಾಗಿಲಲ್ಲಿ ಕೂರಿಸುತ್ತಿದ್ದ, ಕಡೆಗೆ ತಾನೇ ಉಪವಾಸ ಕೂತು ಧರಣಿ ಹೂಡುತ್ತಿದ್ದ. ನಾವು ಇಂದು ಜಿಲ್ಲಾಧಿಕಾರಿಗಳ ಕಚೇರಿಯ ಮುಂದೆ ನಡೆಸುವ ಧರಣಿ ಮೂಲತಃ ಸಾಲಿಗನ ಆಯುಧ. ಪೀಡನೆ ಬೇಕಾದಷ್ಟಿತ್ತು. ಆದರೂ ರೈತನ ನೆಲ ಸುಲಭವಾಗಿ ಕೈಬದಲಾಗುತ್ತಿರಲಿಲ್ಲ. ಹಳ್ಳಿಯವರ ಮಾತು ಮೀರಿ ಹೊರಗಿನವನು ಭೂಮಿ ಹಿಡಿಯುವುದು ಕಷ್ಟವಿತ್ತು, ಹಿಡಿದರೂ ಊಳುವವರು ಬೇಕಿತ್ತು. ರೈತ ಬದುಕಿದ್ದರೆ ತಾನೆ ಬಡ್ಡಿ ಎಂಬ ಲೆಕ್ಕ ಸಾವಕಾರನಿಗೂ ಗೊತ್ತಿತ್ತು.

1818ರಲ್ಲಿ ಪೇಶ್ವಾಯಿ ಮುಗಿಯಿತು. 1830ರ ದಶಕದಲ್ಲಿ ಇದೇ ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರ ಸರ್ವೆ ಆರಂಭವಾಯಿತು. ಮುಂದೆ ಮುಂಬಯಿ ಪ್ರಾಂತದಲ್ಲೆಲ್ಲ, ನಮ್ಮ ಧಾರವಾಡ ಬೆಳಗಾವಿಗಳಲ್ಲಿಯೂ, ರೈತವಾರಿ ಕಂದಾಯಕ್ಕೆ ಇದೇ ಮಾದರಿಯಾಯಿತು. ಪ್ರತಿ ಹೊಲಕ್ಕೊಂದು ನಂಬರು, ಪ್ರತಿ ನಂಬರಿಗೊಬ್ಬ ಖಾತೆದಾರ, ಮೂವತ್ತು ವರ್ಷಕ್ಕೆ ನಿಗದಿಯಾದ ಕಂದಾಯ. ರೈತನಿಗೆ ನೆಲದ ಮೇಲೆ ಸ್ಪಷ್ಟವಾದ, ಮಾರಬಹುದಾದ ಹಕ್ಕು ದೊರೆಯಿತು. ಮಾರಬಹುದಾದದ್ದನ್ನು ಅಡವಿಡಬಹುದು, ಅಡವಿಟ್ಟದ್ದನ್ನು ಕಳೆದುಕೊಳ್ಳಲೂಬಹುದು. 1852ರ ಹೊತ್ತಿಗೆ ಸ್ವತಃ ವಿಂಗೇಟನೇ ಸಾವಕಾರ ಮತ್ತು ರೈತರ ನಡುವಿನ ಸಂಬಂಧ ಕೆಡುತ್ತಿರುವ ಬಗೆಯನ್ನು ಕುರಿತು ಸರಕಾರಕ್ಕೆ ಎಚ್ಚರಿಕೆ ಬರೆದ. ಅದನ್ನು ಯಾರೂ ಗಂಭೀರವಾಗಿ ಪರಿಗಣಿಸಿದಂತೆ ಕಾಣುವುದಿಲ್ಲ. 1855ರಲ್ಲಿ ಬಡ್ಡಿಯ ಮೇಲಿದ್ದ ಕಾನೂನಿನ ಮಿತಿ ಹೋಯಿತು. 1859ರಲ್ಲಿ ಎರಡು ಕಾಯಿದೆಗಳು ಬಂದವು: ಒಂದು ಸಿವಿಲ್ ಪ್ರಕ್ರಿಯಾ ಸಂಹಿತೆ, ಇನ್ನೊಂದು ಕಾಲಮಿತಿ ಕಾಯಿದೆ.

ಈ ಎರಡನೆಯದರ ಕಥೆಯನ್ನು ತುಸು ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಉದ್ದೇಶದ ಕಾನೂನು ಹೇಗೆ ತಿರುಗುಬಾಣವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನಮಗೆ ಸಿಕ್ಕಿಲ್ಲ. ಸಾಲಪತ್ರಕ್ಕೆ ಮೂರೇ ವರ್ಷ ಆಯುಷ್ಯ, ಆಮೇಲೆ ದಾವೆ ನಡೆಯದು ಎಂದಿತು ಕಾನೂನು. ಬಡ್ಡಿ ಬೆಳೆಯುತ್ತಾ ಹೋಗದಿರಲೆಂಬುದು ಆಶಯ. ಸಾವಕಾರ ಮಾಡಿದ್ದಿಷ್ಟೆ: ಮೂರು ವರ್ಷ ತುಂಬುವ ಮುನ್ನ ರೈತನನ್ನು ಕರೆದು ಹೊಸ ಪತ್ರ ಬರೆಸಿಕೊಂಡ. ಒಂದು ಲೆಕ್ಕ ಹಾಕಿ ನೋಡೋಣ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ಬಡ್ಡಿ ಎಂದುಕೊಳ್ಳಿ. ಮೂರು ವರ್ಷಕ್ಕೆ 172 ರೂಪಾಯಿ ಆಗುತ್ತದೆ. ಹೊಸ ಪತ್ರದಲ್ಲಿ ಈ 172 ಅಸಲಾಗಿ ಕೂರುತ್ತದೆ. ಇನ್ನು ಮೂರು ವರ್ಷಕ್ಕೆ ಅದು ಸುಮಾರು 296, ಮತ್ತೆ ಮೂರು ವರ್ಷಕ್ಕೆ ಸುಮಾರು 509. ಬಡ್ಡಿ ಅಸಲನ್ನು ಮೀರಬಾರದೆಂಬ ನಮ್ಮ ಹಳೆಯ ದಾಮದುಪ್ಪಟದ ಧರ್ಮ ಇಲ್ಲಿ ಎಲ್ಲಿಯೂ ಮುರಿದಂತೆ ಕಾಣುವುದಿಲ್ಲ. ಪ್ರತಿ ಪತ್ರದಲ್ಲಿಯೂ ಬಡ್ಡಿ ಅಸಲಿಗಿಂತ ಕಡಿಮೆಯೇ. ನ್ಯಾಯಾಧೀಶರ ಮುಂದೆ ಬರುವುದು ಕೊನೆಯ ಪತ್ರ ಮಾತ್ರ, ಅದರ ಕೆಳಗೆ ರೈತನ ಹೆಬ್ಬೆಟ್ಟು.

ಸಂಹಿತೆಯ ಪ್ರಕಾರ ಡಿಕ್ರಿ ಪಡೆದವನು ಸಾಲಗಾರನ ನೆಲ, ಮನೆಗಳನ್ನು ಜಪ್ತಿ ಮಾಡಿಸಿ ಲಿಲಾವು ಹಾಕಿಸಬಹುದಿತ್ತು. ರೈತರು ನ್ಯಾಯಾಲಯಕ್ಕೆ ಬರುತ್ತಲೇ ಇರಲಿಲ್ಲವಾದ್ದರಿಂದ ಎಷ್ಟೋ ಡಿಕ್ರಿಗಳು ಏಕಪಕ್ಷೀಯ. ಹೀಗೆ ಬೇಲೀಫ ಊರಿಗೆ ಬಂದು ಲಿಲಾವು ಕೂಗಿದಾಗ ಯಾರು ಸವಾಲು ಹಾಕಬೇಕು? ಹಳ್ಳಿಯಲ್ಲಿ ಕೈಯಲ್ಲಿ ರೊಕ್ಕವಿದ್ದವನು ಸಾವಕಾರನೊಬ್ಬನೇ. ನೆರೆಯವರು ಅದೇ ಸಾವಕಾರನ ಸಾಲಗಾರರು. ರೊಕ್ಕವಿದ್ದರೂ ನೆರೆಯವನ ಹೊಲಕ್ಕೆ ಕೂಗಲು ಸಂಕೋಚ. ಹೀಗಾಗಿ ಒಬ್ಬನೇ ಕೂಗಿದ ಸವಾಲೇ ಬೆಲೆಯಾಗುತ್ತಿತ್ತು. ಸಾಲದ ಪುಸ್ತಕ ಬರೆದವನೂ ಅವನೇ, ಡಿಕ್ರಿ ತಂದವನೂ ಅವನೇ, ಕೊಂಡವನೂ ಅವನೇ. ಕೊಂಡ ಬೆಲೆ ಸಾಲಕ್ಕಿಂತ ಕಡಿಮೆಯಿದ್ದರೆ ಉಳಿದ ಬಾಕಿ ರೈತನ ತಲೆಯ ಮೇಲೆಯೇ. ಅನೇಕ ಕಡೆ ಸಾವಕಾರ ನೆಲವನ್ನು ತಾನು ಮಾಡುತ್ತಿರಲಿಲ್ಲ. ಅದೇ ರೈತನಿಗೆ ಗೇಣಿಗೆ ಕೊಡುತ್ತಿದ್ದ. ಹೊಲದಲ್ಲಿ ಅದೇ ಎತ್ತು, ಅದೇ ಮನುಷ್ಯ. ಖಾತೆಯ ಹೆಸರು ಮಾತ್ರ ಬೇರೆ.

ಅಮೆರಿಕದ ಅಂತರ್ಯುದ್ಧದ ಹತ್ತಿಯ ಕಥೆ ನಮ್ಮ ಓದುಗರಿಗೆ ಪರಿಚಿತ. ಗದಗ ಹುಬ್ಬಳ್ಳಿಗಳ ಕಡೆಯವರಿಗಂತೂ ಅದು ಮನೆಯ ಕಥೆ. 1861ರಿಂದ ಅಮೆರಿಕದ ಹತ್ತಿ ನಿಂತಿತು, ಮುಂಬಯಿಯಲ್ಲಿ ಬೆಲೆ ಏರಿತು, ಸಾಲ ಧಾರಾಳವಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಸಾಲ ಉಳಿಯಿತು. ಅದರ ಬೆನ್ನಿಗೇ ಮೂವತ್ತು ವರ್ಷ ತುಂಬಿದ ತಾಲ್ಲೂಕುಗಳಲ್ಲಿ ಕಂದಾಯದ ಪುನರ್ನಿಗದಿ ನಡೆದು, ಬೇಡಿಕೆ ನೂರಕ್ಕೆ 50ರಿಂದ 100ರಷ್ಟು ಹೆಚ್ಚಿತು. ಸಾವಕಾರರು ಹೊಸ ಸಾಲ ನಿಲ್ಲಿಸಿದರು, ಹಳೆಯದಕ್ಕೆ ನ್ಯಾಯಾಲಯ ಹತ್ತಿದರು.

1874ರ ಡಿಸೆಂಬರ್. ಶಿರೂರು ತಾಲ್ಲೂಕಿನ ಕರಡೆ ಎಂಬ ಹಳ್ಳಿಯಲ್ಲಿ ಕಲೂರಾಮನೆಂಬ ಸಾವಕಾರ ಬಾಬಾಸಾಹೇಬ ದೇಶಮುಖ ಎಂಬವರ ಮೇಲೆ 150 ರೂಪಾಯಿಯ ಡಿಕ್ರಿ ತಂದು ಅವರ ಮನೆಯನ್ನು ಕೆಡವಿಸತೊಡಗಿದ. ಗಮನಿಸಬೇಕಾದದ್ದು ಊರಿನ ಪ್ರತಿಕ್ರಿಯೆ. ಯಾರೂ ಕೈಯೆತ್ತಲಿಲ್ಲ. ಸಾವಕಾರರಿಗೆ ಬಹಿಷ್ಕಾರ ಹಾಕಿದರು: ಅವರ ಅಂಗಡಿಗೆ ಹೋಗುವುದಿಲ್ಲ, ಹೊಲ ಊಳುವುದಿಲ್ಲ, ಕ್ಷೌರಿಕ ಅವರ ಕ್ಷೌರ ಮಾಡುವುದಿಲ್ಲ, ನೀರು ಹೊರುವವರು ನೀರು ಹೊರುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಈ ಕಟ್ಟು ಹಬ್ಬಿತು.

1875ರ ಮೇ 12 ಬುಧವಾರ. ಭೀಮಥಡಿ ತಾಲ್ಲೂಕಿನ ಸುಪೆ ಎಂಬ ಊರಿನ ಸಂತೆಯ ದಿನ. (ಭೀಮಥಡಿ ಎಂದರೆ ಭೀಮೆಯ ದಡ. ಕನ್ನಡ ಕಿವಿಗೆ ಅದು 'ತಡಿ' ಎಂದೇ ಕೇಳಿಸುತ್ತದೆ. ಪುಣೆ ಜಿಲ್ಲೆಯಲ್ಲಿ ಹುಟ್ಟಿ ನಮ್ಮ ವಿಜಯಪುರ ಕಲಬುರಗಿಗಳನ್ನು ಹಾದು ಕೃಷ್ಣೆಗೆ ಸೇರುವ ಭೀಮೆಯೇ ಇದು.) ಸುತ್ತಲಿನ ಹಳ್ಳಿಗಳಿಂದ ಬಂದ ರೈತರು ಸಾವಕಾರರ ಅಂಗಡಿಗಳಿಗೆ ನುಗ್ಗಿ ಖಾತೆ ಪುಸ್ತಕಗಳನ್ನೂ ಸಾಲಪತ್ರಗಳನ್ನೂ ಕೇಳಿದರು, ಸಿಕ್ಕವನ್ನು ಸುಟ್ಟರು. ಕಾಳಿನ ಅಂಗಡಿಗಳ ಲೂಟಿಯೂ ನಡೆಯಿತು, ಕೆಲವೆಡೆ ಮನೆಗಳಿಗೂ ಬೆಂಕಿ ಬಿತ್ತು. ಅಹ್ಮದನಗರ ಜಿಲ್ಲೆಗೂ ಹಬ್ಬಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳು ಇದರಲ್ಲಿ ಸೇರಿದವು, 951 ಮಂದಿಯ ಬಂಧನವಾಯಿತು. ಆದರೆ ಆಯೋಗ ನೇಮಕವಾಗಿ ವಿಚಾರಣೆ ನಡೆದಾಗ ಎದ್ದುಕಂಡದ್ದು, ಪತ್ರ ಒಪ್ಪಿಸಿದವರ ಮೈಮೇಲೆ ಗುಂಪು ಕೈಮಾಡಿದ್ದು ಬಹಳ ಕಡಿಮೆ ಎಂಬುದು. ಅವರಿಗೆ ಬೇಕಿದ್ದದ್ದು ಕಾಗದ.

ಇನ್ನೊಂದು ಸಂಗತಿಯನ್ನು ಹೊರನಾಡಿನಲ್ಲಿ ಬದುಕುವ ನಾವು ಮರೆಯಬಾರದು. ದಾಳಿಗೆ ಈಡಾದವರು ಬಹುತೇಕ ಮಾರವಾಡಿ ಮತ್ತು ಗುಜರಾತಿ ಸಾವಕಾರರು. ಸಾಲ ಕೊಡುತ್ತಿದ್ದ ಸ್ಥಳೀಯರೂ ಇದ್ದರು, ಅವರಲ್ಲಿ ಹೆಚ್ಚಿನವರನ್ನು ಗುಂಪು ಮುಟ್ಟಲಿಲ್ಲ. ಬಡ್ಡಿಯ ದರದಲ್ಲಿ ಅಂಥ ಅಂತರವಿತ್ತೆಂದು ನಂಬುವುದು ಕಷ್ಟ. ಹೊರಗಿನಿಂದ ಬಂದವನು, ಬೇರೆ ಭಾಷೆಯವನು, ನಾಳೆ ಗಂಟುಕಟ್ಟಿಕೊಂಡು ಹೋಗುವವನು ಎಂಬ ಭಾವನೆ ಲೆಕ್ಕಕ್ಕಿಂತ ಬಲವಾಗಿತ್ತು. ನಮ್ಮ ಚರ್ಚೆಯಲ್ಲಿ ಇದನ್ನು ಹೇಳಿದಾಗ ಇಂಡಿಯ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಾವೂ ಇಲ್ಲಿ ಮಾರವಾಡ್ಯಾರಽ ಅನ್ರಿ" ಎಂದು ನಕ್ಕರು. ನಾವೂ ನಕ್ಕೆವು, ಆದರೆ ಅಷ್ಟು ಸಲೀಸಾಗಿ ಅಲ್ಲ.

ಇತಿಹಾಸಕಾರರಲ್ಲಿ ಒಮ್ಮತವಿಲ್ಲವೆಂಬುದನ್ನೂ ಹೇಳಬೇಕು. ನೀಲ್ ಚಾರ್ಲ್ಸ್‌ವರ್ತ್ 1972ರ ಲೇಖನವೊಂದರಲ್ಲಿ ದಖ್ಖನದ ದಂಗೆ ಒಂದು ಮಿಥ್ಯೆ ಎಂಬಷ್ಟರ ಮಟ್ಟಿಗೆ ವಾದಿಸಿದರು. ದಂಗೆಯ ವ್ಯಾಪ್ತಿ ಸಣ್ಣದು, ರೈತರ ಕೈಯಿಂದ ಸಾವಕಾರರ ಕೈಗೆ ನಿಜಕ್ಕೂ ಹೋದ ನೆಲ ಅಧಿಕಾರಿಗಳು ಹೆದರಿದಷ್ಟಿರಲಿಲ್ಲ ಎಂಬುದು ಅವರ ನಿಲುವು. ನೆಲದ ಎಕರೆಗಳ ಲೆಕ್ಕದಲ್ಲಿ ಅವರ ಮಾತು ಸರಿಯಿರಬಹುದು. ಆದರೆ ಲಿಲಾವಿನ ಭಯ ಲಿಲಾವಾದ ಎಕರೆಗಳಷ್ಟೇ ಇರುತ್ತದೆಂದು ನಮಗೆ ತೋರುವುದಿಲ್ಲ. ಕರಡೆಯಲ್ಲಿ ಕೆಡವಿದ್ದು ಒಂದು ಮನೆ. ಅದನ್ನು ನೋಡಿದ ಪ್ರತಿಯೊಬ್ಬ ಸಾಲಗಾರನೂ ತನ್ನ ಮನೆಯ ತೊಲೆಯನ್ನು ಎಣಿಸಿಕೊಂಡಿರಬೇಕು.

ಮುಂದಿನ ನಾಲ್ಕು ವರ್ಷ ಈ ಸೀಮೆಗೆ ಬಲು ಕೆಟ್ಟ ವರ್ಷಗಳು. 1876ರಿಂದ 1878ರ ಬರ ಪುಣೆ ಸೋಲಾಪುರಗಳಿಂದ ಕಲಾದಗಿ ಜಿಲ್ಲೆಯವರೆಗೆ, ಅಂದರೆ ಇಂದಿನ ವಿಜಯಪುರ ಬಾಗಲಕೋಟೆಗಳವರೆಗೆ, ಸುಟ್ಟುಹಾಕಿತು. 1879ರಲ್ಲಿ ಪುಣೆಯ ಸೈನಿಕ ಲೆಕ್ಕಪತ್ರ ಕಚೇರಿಯ ಗುಮಾಸ್ತ ವಾಸುದೇವ ಬಲವಂತ ಫಡಕೆ ರಾಮೋಶಿಗಳನ್ನು ಕಟ್ಟಿಕೊಂಡು ಸಾವಕಾರರನ್ನು ಕೊಳ್ಳೆಹೊಡೆದು ಬಂಡಾಯವೆದ್ದರು. ಅವರು ಸೆರೆಸಿಕ್ಕದ್ದು ಅದೇ ಜುಲೈಯಲ್ಲಿ, ಭೀಮೆಯ ಕೆಳದಂಡೆಯ ನಮ್ಮ ದೇವರ ನಾವದಗಿಯಲ್ಲಿ. ಸುಪೆಯಿಂದ ಹೊರಟ ಕಥೆ ಹೊಳೆಯ ಗುಂಟ ಕನ್ನಡ ನಾಡಿಗೇ ಬಂದು ಮುಟ್ಟಿತು. ಆ ವರ್ಷವೇ ಸರಕಾರ ದಖ್ಖನದ ಕೃಷಿಕರ ಪರಿಹಾರ ಕಾಯಿದೆಯನ್ನು ತಂದಿತು. ಮೊದಲಿಗೆ ಪುಣೆ, ಸಾತಾರಾ, ಸೋಲಾಪುರ, ಅಹ್ಮದನಗರ ಈ ನಾಲ್ಕೇ ಜಿಲ್ಲೆಗಳಿಗೆ. ಕನ್ನಡ ಜಿಲ್ಲೆಗಳ ರೈತರು ಅದರ ನೆರಳಿಗೆ ಬಹುಕಾಲ ಕಾಯಬೇಕಾಯಿತು.

ಈ ಕಾಯಿದೆ ಎರಡು ಕೆಲಸ ಮಾಡಿತು. ಮೊದಲನೆಯದು, ನ್ಯಾಯಾಧೀಶರು ಕೊನೆಯ ಪತ್ರದ ಹಿಂದಕ್ಕೆ ಹೋಗಿ ವ್ಯವಹಾರದ ಇತಿಹಾಸವನ್ನೇ ಕೆದಕಬೇಕು, ಮೊದಲ ಸಾಲದಿಂದ ಲೆಕ್ಕ ತೆಗೆಯಬೇಕು. ನಮ್ಮ ಉದಾಹರಣೆಯ 509 ರೂಪಾಯಿ ಇಲ್ಲಿ ಹೆಚ್ಚೆಂದರೆ 200ಕ್ಕೆ ಇಳಿಯುತ್ತದೆ, ಅಸಲು ನೂರು, ಬಡ್ಡಿ ನೂರು. ಎರಡನೆಯದು, ಸಾಲಕ್ಕೆಂದು ಸ್ಪಷ್ಟವಾಗಿ ಅಡವಿಟ್ಟಿರದ ಹೊರತು ಕೃಷಿಕನ ನೆಲವನ್ನು ಡಿಕ್ರಿಗಾಗಿ ಮಾರುವಂತಿಲ್ಲ. ಸಾಲಕ್ಕಾಗಿ ಕೃಷಿಕನನ್ನು ಸೆರೆಮನೆಗೆ ಹಾಕುವುದೂ ನಿಂತಿತು. ನಾಲ್ಕು ಜಿಲ್ಲೆಗಳ ಕೆಳ ನ್ಯಾಯಾಲಯಗಳ ತೀರ್ಪುಗಳನ್ನು ಪರಿಶೀಲಿಸಲು ವಿಶೇಷ ನ್ಯಾಯಾಧೀಶರೆಂಬ ಹುದ್ದೆಯೊಂದು ಹುಟ್ಟಿತು. 1887ರಿಂದ 1893ರಲ್ಲಿ ಮುಂಬಯಿ ಹೈಕೋರ್ಟಿಗೆ ಹೋಗುವವರೆಗೆ ಅದನ್ನು ನಿರ್ವಹಿಸಿದವರು ಮಹಾದೇವ ಗೋವಿಂದ ರಾನಡೆ. ರಾನಡೆಯವರನ್ನು ನಾವು ಸಮಾಜಸುಧಾರಕರೆಂದು, ಅರ್ಥಶಾಸ್ತ್ರಜ್ಞರೆಂದು ನೆನೆಯುತ್ತೇವೆ. ಆದರೆ ವರ್ಷಗಟ್ಟಲೆ ಹಳ್ಳಿ ಹಳ್ಳಿಯ ಸಾಲದ ಕಡತಗಳನ್ನು ಬಿಚ್ಚಿ ನೋಡಿದ ಆ ದುಡಿಮೆ ಅವರ ಅರ್ಥಶಾಸ್ತ್ರದ ಬೇರು ಎಂದು ನಮಗನಿಸುತ್ತದೆ.

ಸಾವಕಾರರೂ ಸುಮ್ಮನಿರಲಿಲ್ಲ. ಅಡವು ಪತ್ರಕ್ಕೆ ಅಡ್ಡಿ ಬಂದಾಗ ಖರೀದಿ ಪತ್ರವನ್ನೇ ಬರೆಸಿಕೊಳ್ಳತೊಡಗಿದರು. ಸಾಲ ತೀರಿದರೆ ನೆಲ ಹಿಂದಿರುಗಿಸುವೆವೆಂಬುದು ಬಾಯಿಮಾತು. ಖರೀದಿ ಎಂದು ಬರೆದದ್ದು ನಿಜದಲ್ಲಿ ಅಡವು ಎಂದು ಬಾಯಿಸಾಕ್ಷ್ಯದಿಂದ ತೋರಿಸಲು ರೈತನಿಗೆ ಅವಕಾಶ ಕೊಡುವ ತಿದ್ದುಪಡಿ ಆಮೇಲೆ ಬಂತು. ಸಾಲವೇ ಸಿಗದಂತಾದರೆ ರೈತನ ಗತಿಯೇನು ಎಂಬ ಪ್ರಶ್ನೆಯೂ ಎದ್ದಿತು. ವಿಲಿಯಂ ವೆಡರ್‌ಬರ್ನ್ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನಲ್ಲಿ ಪ್ರಯೋಗಕ್ಕೆಂದು ಕೃಷಿ ಬ್ಯಾಂಕೊಂದರ ಯೋಜನೆ ಮಾಡಿದರು, ಲಂಡನ್ನಿನ ಒಪ್ಪಿಗೆ ಸಿಗಲಿಲ್ಲ. ಇಪ್ಪತ್ತು ವರ್ಷದ ಮೇಲೆ 1904ರ ಸಹಕಾರ ಕಾಯಿದೆ ಬಂದಾಗ ಅದರ ಮೊದಮೊದಲ ಫಲ ಕಾಣಿಸಿದ್ದು ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ. ಪುಣೆಯಲ್ಲಿ ಎದ್ದ ಪ್ರಶ್ನೆಗೆ ಧಾರವಾಡ ಜಿಲ್ಲೆಯಲ್ಲಿ ಉತ್ತರ ಹುಡುಕಿದರೆಂದು ನಾವು ಹೆಮ್ಮೆಪಟ್ಟರೆ ಮರಾಠಿ ಮಿತ್ರರು ಕ್ಷಮಿಸಬೇಕು.

ಇನ್ನು ಈ ಕಾಲಕ್ಕೆ ಬರೋಣ. ಕತ್ತರಿಸಿ ತಂದ ಆ ಪುಟದ ಹಿಂದಿರುವುದು 2002ರ ಸರ್ಫೇಸಿ ಕಾಯಿದೆ. ಇಲ್ಲಿ ಬ್ಯಾಂಕಿಗೆ ಡಿಕ್ರಿಯ ಅಗತ್ಯವೇ ಇಲ್ಲ. ಕಂತು 90 ದಿನ ನಿಂತರೆ ಸಾಲ ಅನುತ್ಪಾದಕ. 60 ದಿನಗಳ ನೋಟೀಸು. ತೀರದಿದ್ದರೆ ಬಾಗಿಲಿಗೆ ಚೀಟಿ ಅಂಟಿಸಿ ಸಾಂಕೇತಿಕ ತಾಬಾ. ಜನ ಖಾಲಿಮಾಡದಿದ್ದರೆ ಜಿಲ್ಲಾಧಿಕಾರಿಗಳ ಮೂಲಕ ನಿಜವಾದ ತಾಬಾ. ಆಮೇಲೆ ಮೂವತ್ತು ದಿನಗಳ ಪ್ರಕಟಣೆ ಮತ್ತು ಹರಾಜು. ಪ್ರಕಟಣೆ ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯಲ್ಲಿ ಇರಬೇಕೆಂಬ ನಿಯಮದಿಂದಲೇ ಆ ಮರಾಠಿ ಪುಟ ಹುಟ್ಟುವುದು. 2004ರಲ್ಲಿ ಮಾರ್ಡಿಯಾ ಕೆಮಿಕಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು; ಆದರೆ ಸಾಲಗಾರ ದೂರು ಕೊಡಲು ಬಾಕಿಯ ಮುಕ್ಕಾಲು ಪಾಲು ಮೊದಲೇ ಕಟ್ಟಬೇಕೆಂಬ ಷರತ್ತನ್ನು ಕಿತ್ತುಹಾಕಿತು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಉಂಟೆಂದು 2020ರಲ್ಲಿ ತೀರ್ಮಾನವಾದದ್ದು ಕೊಲ್ಲಾಪುರ ಜಿಲ್ಲೆಯ ಮುರಗುಡದ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ, ನಮ್ಮ ಗಡಿಯ ಮಗ್ಗುಲಲ್ಲೇ.

ಸುಪೆಯ ನೆನಪು ಈ ಕಾಯಿದೆಯಲ್ಲಿ ಇನ್ನೂ ಉಳಿದಿದೆಯೆಂದು ನಮಗೆ ಅನಿಸುವುದು ಅದರ 31ನೆಯ ಕಲಮನ್ನು ಓದಿದಾಗ. ಕೃಷಿಭೂಮಿಗೆ ಈ ಕಾಯಿದೆ ಅನ್ವಯಿಸುವುದಿಲ್ಲ. ಬರೆದವರು 1875ನ್ನು ನೆನೆದರೋ ಇಲ್ಲವೋ, ಹೊಲಕ್ಕೆ ಕೈಹಾಕಬಾರದೆಂಬ ಅಂಜಿಕೆ ಮಾತ್ರ ಹಳೆಯದು. ಫ್ಲ್ಯಾಟಿಗೆ ಅಂಥ ರಕ್ಷಣೆಯಿಲ್ಲ. ಒಬ್ಬನೇ ಕೂಗುವ ಸವಾಲಿಗೂ ಕಾನೂನು ಮದ್ದು ಹುಡುಕಿತ್ತು. 1908ರ ಸಂಹಿತೆಯ ಪ್ರಕಾರ ಡಿಕ್ರಿದಾರ ನ್ಯಾಯಾಲಯದ ಅನುಮತಿಯಿಲ್ಲದೆ ಲಿಲಾವಿನಲ್ಲಿ ಸವಾಲು ಹಾಕುವಂತಿಲ್ಲ. ಸರ್ಫೇಸಿಯಲ್ಲಿ ಮೌಲ್ಯಮಾಪಕರ ವರದಿಯ ಮೇಲೆ ಮೂಲಬೆಲೆ ನಿಗದಿಯಾಗಬೇಕು, ಬಾಕಿ ತೀರಿ ಉಳಿದ ಹಣ ಸಾಲಗಾರನಿಗೆ ಸೇರಬೇಕು. ಆದರೂ 2013ರಲ್ಲಿ ಜಾರಿಯಾದ ತಿದ್ದುಪಡಿಯೊಂದು ಕೊಳ್ಳುವವರು ಬಾರದೆ ಹರಾಜು ಮುಂದೆ ಹೋದಾಗ ಮುಂದಿನ ಹರಾಜಿನಲ್ಲಿ ಬ್ಯಾಂಕೇ ಸವಾಲು ಹಾಕಲು ಬಿಟ್ಟಿದೆ. ಸಾಲ ಕೊಟ್ಟವನು ಮತ್ತೆ ಕೂಗುವವರ ಸಾಲಿಗೆ ಬಂದು ನಿಂತಿದ್ದಾನೆ, ಈ ಸಲ ಮೂಲಬೆಲೆಯ ಕಟ್ಟಳೆಯೊಂದಿಗೆ. ಕೊಳ್ಳುವವರು ಬಾರದಿರುವುದು ಅಪರೂಪವಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಇದೇ ಪುಣೆ ಜಿಲ್ಲೆಯ ಆಂಬಿ ವ್ಯಾಲಿ 37,392 ಕೋಟಿ ರೂಪಾಯಿ ಮೂಲಬೆಲೆಗೆ ಹರಾಜಿಗೆ ಬಂತು. ಸವಾಲು ಹಾಕುವವರು ಸಿಗಲಿಲ್ಲ.

ಮಗನಿಗೆ ಎರಡು ಕೋಣೆಯ ಮನೆ ಬೇಕಾದವರಿಗೆ ಈ ಕೋಟಿಗಳಿಂದೇನು? ಅವರಿಗೆ ನಾವು ಕೈಲಾದಷ್ಟು ಲೆಕ್ಕ ಮಾಡಿಕೊಟ್ಟೆವು. ಗೆದ್ದರೆ ಮುಂಗಡ ಸೇರಿ ನಾಲ್ಕನೆಯ ಒಂದು ಭಾಗ ಅಂದೇ ಅಥವಾ ಮರುದಿನ ಕಟ್ಟಬೇಕು. ಉಳಿದ ಮುಕ್ಕಾಲು ಹದಿನೈದು ದಿನದಲ್ಲಿ, ಬ್ಯಾಂಕು ಬರೆದುಕೊಟ್ಟರೆ ಹೆಚ್ಚೆಂದರೆ ಮೂರು ತಿಂಗಳಲ್ಲಿ. ತಪ್ಪಿದರೆ ಕಟ್ಟಿದ ಭಾಗ ಮುಳುಗಿತು, ಅದನ್ನು 2024ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿದೆ. ಸೊಸೈಟಿಯ ಬಾಕಿ, ಮಹಾನಗರಪಾಲಿಕೆಯ ತೆರಿಗೆ, ಹಿಂದಿನವರ ವಿದ್ಯುತ್ ಬಿಲ್ಲು ಎಲ್ಲವನ್ನೂ ಮೊದಲೇ ಕೇಳಿ ತಿಳಿಯಬೇಕು. 'ಹೇಗಿದೆಯೋ ಹಾಗೆ' ಕೊಂಡವನಿಂದ ಹಳೆಯ ವಿದ್ಯುತ್ ಬಾಕಿ ವಸೂಲು ಮಾಡಬಹುದೆಂದು 2023ರಲ್ಲಿ ತೀರ್ಪಾಗಿದೆ. ಎಲ್ಲಕ್ಕಿಂತ ಮುಖ್ಯ, ಪ್ರಕಟಣೆಯಲ್ಲಿ ತಾಬಾ ಸಾಂಕೇತಿಕವೋ ಪ್ರತ್ಯಕ್ಷವೋ ನೋಡಬೇಕು. ಸಾಂಕೇತಿಕವಾಗಿದ್ದರೆ ಒಳಗೆ ಜನ ಇದ್ದಾರೆಂದು ಅರ್ಥ. ಇಂಥ ಮನೆಗಳನ್ನೇ ಕೊಂಡು, ಬಣ್ಣ ಬಳಿಸಿ, ವರ್ಷದೊಳಗೆ ಮಾರುವವರು ಈಗ ಪುಣೆಯಲ್ಲಿದ್ದಾರೆ. ಅವರಿಗೆ ಇದೊಂದು ವೃತ್ತಿ, ಲೆಕ್ಕ ಬಲ್ಲವರು. ನಮ್ಮ ಹಿರಿಯರಂಥವರು ಜೀವಮಾನದಲ್ಲಿ ಒಮ್ಮೆ ಈ ಅಂಗಳಕ್ಕೆ ಇಳಿಯುತ್ತಾರೆ.

ಆ ಪ್ರಕಟಣೆಯಲ್ಲಿ ಇದ್ದದ್ದು ಸಾಂಕೇತಿಕ ತಾಬಾ. ಮನೆ ನೋಡಲು ಬ್ಯಾಂಕು ಗೊತ್ತುಮಾಡಿದ ದಿನ ನಮ್ಮಲ್ಲಿ ಇಬ್ಬರು ಅವರ ಜೊತೆ ಹೋದೆವು. ಬಾಗಿಲಿನ ಮೇಲೆ ಚೀಟಿ ಅಂಟಿಸಿತ್ತು, ಪಕ್ಕದಲ್ಲಿ ರಂಗೋಲಿ ಹಾಕಿತ್ತು. ಬಾಗಿಲು ತೆರೆದ ವೃದ್ಧೆ "ಬ್ಯಾಂಕೇತೂನ ಆಲಾತ ಕಾ?" ಎಂದು ಕೇಳಿದರು. ಬ್ಯಾಂಕಿನವರಲ್ಲ, ಮನೆ ನೋಡಲು ಬಂದವರು ಎಂದೆವು. ಆಕೆ ಒಳಗೆ ಕರೆದರು. ನೀರು ಕೊಟ್ಟರು. ಎರಡೂ ಕೋಣೆ ತೋರಿಸಿದರು, ಅಡುಗೆಮನೆಯ ಮೂಲೆಯಲ್ಲಿ ಮಳೆಗಾಲಕ್ಕೆ ಸೋರುತ್ತದೆ, ಅದನ್ನು ಮೊದಲು ನೋಡಿಸಿಕೊಳ್ಳಿ ಎಂದೂ ಹೇಳಿದರು. ನಮ್ಮ ಹಿರಿಯರು "ಹೋ ಆಜಿ, ಹೋ ಆಜಿ" ಎನ್ನುತ್ತಾ ಚಪ್ಪಲಿ ಮೆಟ್ಟಿಕೊಂಡರು. ಲಿಫ್ಟು ಇದ್ದರೂ ಮೆಟ್ಟಿಲಿಳಿದು ಬಂದೆವು.

ಆ ಮೇಲಿನ ಶನಿವಾರ ವಾದ ಜೋರಾಗಿಯೇ ನಡೆಯಿತು. ಕೊಳ್ಳಬಾರದು, ಇನ್ನೊಬ್ಬರ ಕಣ್ಣೀರಿನ ಮನೆ ಎಂದರು ಕೆಲವರು. ನಮ್ಮ ಪೈಕಿ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರೊಬ್ಬರು ಒಪ್ಪಲಿಲ್ಲ. ಸುಪೆಯ ಕಥೆಯನ್ನು ನಾವೇ ಹೇಳಿ ಅದರ ಅರ್ಥವನ್ನು ನಾವೇ ತಪ್ಪು ತಿಳಿಯುತ್ತಿದ್ದೇವೆ ಎಂದರು. ಅಲ್ಲಿ ರೈತನನ್ನು ಕೊಂದದ್ದು ಕೊಳ್ಳುವವರು ಹೆಚ್ಚಾದದ್ದಲ್ಲ, ಒಬ್ಬನೇ ಇದ್ದದ್ದು. ಹತ್ತು ಜನ ಕೂಗಿದ್ದರೆ ಹೊಲಕ್ಕೆ ಬೆಲೆ ಬಂದು, ಸಾಲ ತೀರಿ, ನಾಲ್ಕು ಕಾಸು ಮರಳಿ ರೈತನಿಗೆ ಸಿಗುತ್ತಿತ್ತು. ಸಂಕೋಚಪಟ್ಟು ದೂರ ನಿಂತ ನೆರೆಯವರಿಂದ ಲಾಭವಾದದ್ದು ಸಾವಕಾರನಿಗೆ. ಈ ಮನೆಗೂ ಸಜ್ಜನರು ಬಾರದಿದ್ದರೆ ಬೆಲೆ ಇಳಿಯುತ್ತದೆ, ಬಾಕಿ ಪೂರ್ತಿ ತೀರದೆ ಆ ಕುಟುಂಬದ ಬೆನ್ನು ಹತ್ತುತ್ತದೆ ಎಂದರು. ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಕರಡೆಯವರು ಸಾವಕಾರನ ಮುಖ ನೋಡಿ ಬಹಿಷ್ಕಾರ ಹಾಕಿದರು. ಜಾಲದ ಹರಾಜಿನಲ್ಲಿ ಕೂಗುವವರ ಮುಖ ಯಾರಿಗೂ ಕಾಣುವುದಿಲ್ಲ. ಅದೇ ಒಂದು ಸೌಕರ್ಯವೆಂದು ಯಾರೋ ಅಂದರು, ಅದೇ ತೊಂದರೆ ಎಂದು ಇನ್ನೊಬ್ಬರು.

ಮುಂಗಡ ಕಟ್ಟುವ ಕೊನೆಯ ದಿನ ಸಂಜೆ ಐದರವರೆಗೂ ನಮ್ಮ ಹಿರಿಯರು ಹರಾಜಿನ ಜಾಲತಾಣವನ್ನು ತೆರೆದಿಟ್ಟುಕೊಂಡೇ ಕೂತಿದ್ದರಂತೆ. ಕಟ್ಟಲಿಲ್ಲ. ಮುಂದಿನ ತಿಂಗಳು ಅದೇ ಮರಾಠಿ ಪುಟದಲ್ಲಿ ಅದೇ ಫ್ಲ್ಯಾಟು ಮತ್ತೆ ಪ್ರಕಟವಾಯಿತು. ಬಾಕಿಯ ಮೊತ್ತ ಏರಿತ್ತು, ಮೂಲಬೆಲೆ ಇಳಿದಿತ್ತು. ಆ ಪುಟವನ್ನೂ ಅವರು ಕತ್ತರಿಸಿ ಇಟ್ಟುಕೊಂಡಿದ್ದಾರೆ.